ಕ್ಷಣಿಕಬಿಂಬ

ಹಸಿಮಣ್ಣಿನಲ್ಲಿ ಮಾಡಿದ ಒಬ್ಬ ಮುದುಕನ ತಲೆ. ಅದರ ಎಡಗಿವಿ ಬಲಗಿವಿಗಿಂತ ಅರ್ಧ ಬೆರಳಿನಷ್ಟು ಮೇಲಿತ್ತು. ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೆಂಬುದು ನನಗೆ ನೆನಪಿಲ್ಲ. ಆದರೆ ಓಖ್ಲಾದ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾನಿಲಯದ ಚಿತ್ರಶಾಲೆಯಲ್ಲಿ, ಲಲಿತಕಲಾ ವಿಭಾಗದ ವಿದ್ಯಾರ್ಥಿಗಳು ವರ್ಷವೆಲ್ಲ ದುಡಿದು ಮಾಡಿದ ಕೃತಿಗಳನ್ನು ನೋಡಲೆಂದು ಹೋದ ಆ ಫಾಲ್ಗುಣದ ಅಪರಾಹ್ಣ, ಗೋಡೆಗಳ ಮೇಲಿದ್ದ ಚಿತ್ರಗಳನ್ನೆಲ್ಲ ನೋಡಿ ಮುಗಿಸಿದ ಮೇಲೆಯೂ ಹೊರಬಾಗಿಲಿನ ಕಡೆಗೆ ಹೋಗಲಾರದಂತೆ ನನ್ನನ್ನು ತಡೆದುದು ಆ ತಲೆಯೇ ಎಂಬುದನ್ನು ಬಲ್ಲೆ.

ಅಷ್ಟರಲ್ಲಿ ಕೈಯಲ್ಲಿ ನೀರು ಚಿಮುಕಿಸುವ ಸೀಸೆಯೊಂದನ್ನು ಹಿಡಿದು ಒಬ್ಬ ಹುಡುಗಿ ಬಂದಳು. ತಲೆಯ ಸುತ್ತ ಒಮ್ಮೆ ನಡೆದು, ಹಣೆ, ಕೆನ್ನೆ, ಗದ್ದಗಳ ಮೇಲೆ ತುಂತುರು ಹನಿಸಿ, ಬಿಳಿಚಿಕೊಂಡಿದ್ದ ಮಣ್ಣು ಮತ್ತೆ ಕಪ್ಪಾದುದನ್ನು ನೋಡಿಕೊಂಡು ಸಮಾಧಾನಪಟ್ಟಳು. ಮಾಡಿದವಳು ಅವಳೇ ಎಂದು ತಿಳಿಯುವುದಕ್ಕೆ ಕೇಳಬೇಕಾಗಿರಲಿಲ್ಲ. “ಇದನ್ನು ಸುಡುವುದಿಲ್ಲವೆ, ಬೇಟಾ?” ಎಂದು ಹಿಂದಿಯಲ್ಲಿ ವಿಚಾರಿಸಿದೆ. “ಇಲ್ಲ ಸರ್, ಒಳಗೆ ಆರ್ಮೇಚರ್ ಇದೆ” ಎಂದಳು. ಕಬ್ಬಿಣದ ಸರಳನ್ನು ನಿಲ್ಲಿಸಿ, ಅದಕ್ಕೆ ತಂತಿಯನ್ನೂ ಮರದ ಚಕ್ಕೆಗಳನ್ನೂ ಬಿಗಿದು, ಆ ಅಸ್ಥಿಪಂಜರದ ಮೇಲೆ ಮಣ್ಣನ್ನು ಮೆತ್ತುತ್ತ ಬಂದರೆ ಮಾತ್ರ ಇಷ್ಟು ಭಾರವಾದ ತಲೆ ಕುಸಿಯದೆ ನಿಂತೀತು. ಆದರೆ ಮಣ್ಣು ಒಣಗುತ್ತ ಕುಗ್ಗುವುದು, ಕಬ್ಬಿಣ ಕುಗ್ಗದು. ಆದುದರಿಂದ ಒಳಗೆ ಆಸರೆಯಾಗಿ ನಿಂತುದೇ ಕಡೆಗೆ ಮುಖವನ್ನು ಸೀಳುವುದು. ಪ್ಲಾಸ್ಟರಿನ ಅಚ್ಚು ತೆಗೆದು ಎರಕ ಹೊಯ್ದರೆ ಉಳಿಸಿಕೊಳ್ಳಬಹುದಾದರೂ, ಅವಳು ಆ ವರ್ಷ ಬೇರೊಂದು ಕೃತಿಗೆ ಅಚ್ಚು ತೆಗೆದಾಗಿತ್ತು. ಪ್ರದರ್ಶನ ಮುಗಿದೊಡನೆ ಇದನ್ನು ಒಡೆದು ಸ್ಟುಡಿಯೋದ ಮೂಲೆಯಲ್ಲಿರುವ ಮಣ್ಣಿನ ತೊಟ್ಟಿಗೆ ಹಾಕುವರು; ನೀರು ಹೊಯ್ದು, ನೆನೆಸಿ, ನಾದಿ, ಹದಮಾಡಿ, ಮುಂದೆ ಬರುವ ಮೊದಲನೆಯ ವರ್ಷದ ಹುಡುಗರಿಗೆ ಅದನ್ನೇ ಕೊಡುವರು. ತಲೆಯ ಮೂಲಪುರುಷನು ಅಲ್ಲಿ ದಿನಗೂಲಿಗೆ ಮಾಡೆಲ್ ಆಗಿ ಕುಳಿತುಕೊಳ್ಳುವ ವೃದ್ಧ. ‘ಚಾಚಾ’ ಎಂದು ಎಲ್ಲರೂ ಕರೆಯುವ ಅವರ ಮುಖವನ್ನು ಹಲವು ವರ್ಷಗಳ ವಿದ್ಯಾರ್ಥಿಗಳು ಮಾಡಿದ್ದಾರೆ, ಒಡೆದಿದ್ದಾರೆ. “ಆ ತೊಟ್ಟಿಯಲ್ಲಿರುವ ಮಣ್ಣೆಲ್ಲ ಒಂದಲ್ಲ ಒಂದು ಸಲ ಚಾಚಾ ಆಗಿತ್ತು, ಸರ್” ಎಂದು ಹೇಳಿ ಅವಳು ಸೀಸೆಗೆ ನೀರು ತುಂಬಿಕೊಂಡು ಬರಲು ಹೊರಟುಹೋದಳು.

ಒಡೆಯುವುದು ನಿಶ್ಚಯವೆಂದು ತಿಳಿದೇ ಮಾಡಿದ ಕೃತಿಯ ಫಲವೇನು, ಮತ್ತು ಅದು ಸಲ್ಲುವುದು ಯಾರಿಗೆ? ದೇವರಿಗಾಗಿ ಕಡೆದ ವಿಗ್ರಹಕ್ಕೆ ಗರ್ಭಗುಡಿಯುಂಟು. ಧನಿಕನಿಗಾಗಿ ಬರೆದ ಚಿತ್ರಕ್ಕೆ ಅವನ ಗೋಡೆಯುಂಟು. ತನಗಾಗಿಯೇ ಬರೆದುಕೊಳ್ಳುವ ಪ್ರೌಢ ಕಲಾವಿದನಿಗೆ ಕೀರ್ತಿಯಾದರೂ ಉಂಟು. ವಿದ್ಯಾರ್ಥಿಯ ಕೃತಿಯಾದರೋ ಪರೀಕ್ಷಕನ ಕಣ್ಣ ಮುಂದೆ ಅರ್ಧ ಗಳಿಗೆ ನಿಂತು, ಅಂಕವೊಂದನ್ನು ಪಡೆದು, ಬಳಿಕ ಹಾಸ್ಟೆಲಿನ ಮಂಚದ ಕೆಳಕ್ಕೋ, ಊರಿನ ಅಟ್ಟಕ್ಕೋ, ಇಲ್ಲವೇ ಈ ತೊಟ್ಟಿಗೋ ಸೇರುವಂಥದು. ಕರ್ಮಕ್ಕೂ ಫಲಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮ ಹಿರಿಯರು ಎಷ್ಟೋ ವಿಚಾರಮಾಡಿರುವರಾದರೂ, ಕಲಿಯುವವನ ಕರ್ಮವನ್ನು, ಎಂದರೆ ಇನ್ನೂ ಕೈ ಪಳಗದವನು ಮಾಡಿ ಕೆಡಿಸುವ ಕರ್ಮವನ್ನು, ಪ್ರತ್ಯೇಕವಾಗಿ ಎತ್ತಿಕೊಂಡು ನೋಡಿದುದು ವಿರಳ.

ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ದೆಹಲಿಯಲ್ಲಿ ಇನ್ನೊಂದಿರಲಾರದು. 1920 ರ ಅಕ್ಟೋಬರ್ 29 ರಂದು, ಅಸಹಕಾರದ ಕಾವಿನಲ್ಲಿ, ಸರಕಾರದ ಹಣವನ್ನು ಮುಟ್ಟದ ರಾಷ್ಟ್ರೀಯ ವಿದ್ಯಾಲಯವೊಂದು ಬೇಕೆಂಬ ಹಂಬಲದಿಂದ ಅಲೀಗಢದಲ್ಲಿ ಹುಟ್ಟಿದ ಜಾಮಿಯಾ, 1925 ರಲ್ಲಿ ದೆಹಲಿಯ ಕರೋಲ್ ಬಾಗಿಗೆ ಬಂದಿತು. ಹಣವಿಲ್ಲದೆ ಮುಚ್ಚಿಹೋಗುವ ಸ್ಥಿತಿಯೊದಗಿದಾಗ ಅಲ್ಲಿಯ ಅಧ್ಯಾಪಕರು, ತಿಂಗಳಿಗೆ 150 ರೂಪಾಯಿಗಳಿಗಿಂತ ಹೆಚ್ಚಿನ ಸಂಬಳವನ್ನು ಕೇಳದೆ 20 ವರ್ಷ ಸೇವೆಮಾಡುವೆವೆಂದು ಪ್ರತಿಜ್ಞೆ ಕೈಗೊಂಡು ಅದನ್ನು ಉಳಿಸಿದರು. 1935 ರ ಮಾರ್ಚ್ 1 ರಂದು, ಯಮುನೆಯ ಸಮೀಪದ ಈ ಓಖ್ಲಾದಲ್ಲಿ ಶಾಲೆಯ ಕಟ್ಟಡಕ್ಕೆ ಅಡಿಗಲ್ಲನ್ನಿಡಬೇಕಾಗಿ ಬಂದಾಗ, ಅವರು ಯಾವ ನವಾಬನನ್ನೂ ಯಾವ ನಾಯಕನನ್ನೂ ಕರೆಯಲಿಲ್ಲ. ಶಾಲೆಯ ಎಲ್ಲರಿಗಿಂತ ಕಿರಿಯ ವಿದ್ಯಾರ್ಥಿಯ ಕೈಯಿಂದ ಅದನ್ನು ಇಡಿಸಿದರು. ಕಲ್ಲು ಸರಿಯಾಗಿ ಕುಳಿತಿತೋ ಇಲ್ಲವೋ ನಾನರಿಯೆ. ಆ ಎಳೆಯ ಕೈ ಇಟ್ಟುದರ ಮೇಲೆಯೇ ಮುಂದಿನ ಗೋಡೆಗಳೆಲ್ಲ ಎದ್ದುವು.

1926 ರಿಂದ 1948 ರ ವರೆಗೆ ಜಾಮಿಯಾದ ಉಪಕುಲಪತಿಗಳಾಗಿದ್ದು, ಮುಂದೆ ರಾಷ್ಟ್ರಪತಿಗಳಾಗಿ, ಇಂದು ಅದೇ ಆವರಣದಲ್ಲಿ ಚಿರನಿದ್ರೆಯಲ್ಲಿರುವ ಡಾಕ್ಟರ್ ಜಾಕಿರ್ ಹುಸೇನರು ನನ್ನ ಪ್ರಶ್ನೆಯ ಒಂದು ರೂಪವನ್ನು ನೇರವಾಗಿ ಎದುರಿಸಬೇಕಾಯಿತು. 1937 ರ ಅಕ್ಟೋಬರಿನಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ, ಮಕ್ಕಳ ವಿದ್ಯೆಯೆಲ್ಲ ಒಂದು ಕಸುಬಿನ ಸುತ್ತ ಬೆಳೆಯಬೇಕು, ಮಕ್ಕಳು ಮಾಡಿದ ವಸ್ತುಗಳ ಬೆಲೆಯಿಂದ ಉಪಾಧ್ಯಾಯನ ಸಂಬಳ ಹುಟ್ಟಬೇಕು ಎಂದರು. ಶಾಲೆ ಕಾರ್ಖಾನೆಯಾದೀತೆಂದು ಅನೇಕರು ಹೆದರಿದರು. ಆ ಯೋಜನೆಗೆ ರೂಪಕೊಡಲು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ಜಾಕಿರ್ ಹುಸೇನರು ಕಸುಬನ್ನು ಮನಃಪೂರ್ವಕವಾಗಿ ಒಪ್ಪಿಕೊಂಡರೂ, ಹಣದ ಲೆಕ್ಕಕ್ಕೆ ಒತ್ತುಬಿದ್ದು ವಿದ್ಯೆಯ ಹಾಗೂ ಸಂಸ್ಕೃತಿಯ ಗುರಿ ಮರೆಯಾಗುವ ಅಪಾಯವನ್ನು ತಮ್ಮ ವರದಿಯಲ್ಲಿಯೇ ಎತ್ತಿ ತೋರಿಸಿದರು. ಮಗು ನೂತ ನೂಲಿನ ಲಡಿಯೊಂದು ಮೇಜಿನ ಮೇಲಿದೆ. ಅದನ್ನು ಸಂತೆಯ ತಕ್ಕಡಿಯಲ್ಲಿ ತೂಗಬೇಕೆ, ಅಥವಾ ಆ ನೂಲನ್ನು ತೆಗೆಯುವಾಗ ಮಗುವಿನ ಬೆರಳಿಗೂ ಚಿತ್ತಕ್ಕೂ ಏನಾಯಿತೆಂಬುದನ್ನು ನೋಡಬೇಕೆ ಎಂಬುದೇ ಅಲ್ಲಿಯ ವಿವಾದ.

ಎರಡನೆಯದನ್ನೇ ನೋಡಬೇಕೆಂಬ ಪಕ್ಷಕ್ಕೆ ನಮ್ಮಲ್ಲಿ ಬಹು ಪ್ರಾಚೀನವಾದ ಆಧಾರವಿದೆ. ಐತರೇಯ ಬ್ರಾಹ್ಮಣವು ಶಿಲ್ಪವೆಂಬ ಶಬ್ದವನ್ನು ವಿವರಿಸುವಾಗ, ಮನುಷ್ಯನು ಮಾಡುವ ಆನೆಯ ಆಕೃತಿ, ಕಂಚಿನ ಪಾತ್ರೆ, ವಸ್ತ್ರ, ಚಿನ್ನದ ಕೆಲಸ ಮೊದಲಾದುವು ದೇವಶಿಲ್ಪದ ಅನುಕೃತಿಗಳೆಂದು ಹೇಳಿ, ಅವುಗಳಿಂದ ಯಜಮಾನನು ಪಡೆಯುವುದು ಆತ್ಮಸಂಸ್ಕೃತಿಯನ್ನು ಎಂಬ ವಿಚಾರವನ್ನು ಮುಂದಿಡುತ್ತದೆ. ಹೊರಗೆ ಕಾಣುವ ವಸ್ತು ಉಳಿಯಲಿ, ಅಳಿಯಲಿ. ಒಳಗೆ ಸಂಸ್ಕಾರಗೊಂಡುದು ಮಾಡಿದವನ ಆತ್ಮ. ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ರಾಜನು, ಚಿತ್ರದಲ್ಲಿ ಕಂಡ ಮಾಳವಿಕೆಗಿಂತ ಕಣ್ಣೆದುರಿನ ಮಾಳವಿಕೆ ಸುಂದರಿಯಾಗಿರುವುದನ್ನು ಕಂಡು, ಚಿತ್ರಕಾರನ ಸಮಾಧಿ ಶಿಥಿಲವಾಗಿದ್ದಿರಬೇಕೆಂದು ಬಗೆಯುತ್ತಾನೆ. ಕೈ ಸೋತಿತೆಂದು ಅವನಿಗೆ ತೋರದು, ಏಕಾಗ್ರತೆ ಸಡಿಲಿತೆಂದು ತೋರುತ್ತದೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು ಹೆಸರುಪಡೆದ ನಮ್ಮ ಕೆ. ವೆಂಕಟಪ್ಪನವರು (1886–1965), ಚಿತ್ರಕಾರರಾಗಿ ಪ್ರಸಿದ್ಧರಾದ ಮೇಲೆ ವೀಣೆ ಶೇಷಣ್ಣನವರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರಲ್ಲವೆ? ನುಡಿಸಿದ ಮರುಕ್ಷಣವೇ ಲಯವಾಗುವ ನಾದದಿಂದ ಅವರಿಗೆ ದೊರೆತುದನ್ನು ಯಾವ ಚಿತ್ರಶಾಲೆಯೂ ತೂಗುಹಾಕಲಾರದು.

ಹುಡುಗಿ ಹಿಂದಿರುಗಿದಾಗ, ನನ್ನ ಮಟ್ಟಿಗೆ ಉತ್ತರ ಸಿಕ್ಕಿತೆಂಬ ಧೈರ್ಯದಲ್ಲಿ, ಈ ಅರ್ಥ ಬರುವಂತೆ ಅವಳಿಗೆ ಒಂದೆರಡು ಮಾತು ಹೇಳಿದೆ; ಈ ತಲೆ ಒಡೆದರೂ ನಷ್ಟವಿಲ್ಲ, ನೀನು ಈ ಮೂರು ವಾರ ನಿಜವಾಗಿ ಮಾಡಿಕೊಂಡುದು ನಿನ್ನ ಕಣ್ಣನ್ನು, ನಿನ್ನ ಕೈಯನ್ನು ಎಂದೆ. ಅವಳು ವಿನಯದಿಂದಲೇ ಕೇಳಿದಳು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೀಗೆಂದಳು: “ಹಾಗಾದರೆ ಇದನ್ನು ಇಲ್ಲಿ ಇಟ್ಟಿರುವುದು ಯಾತಕ್ಕೆ, ಸರ್? ನನ್ನ ಕಣ್ಣು ನನ್ನ ಜೊತೆಯಲ್ಲೇ ಇರುತ್ತದೆ. ಚಾಚಾ ಮೂರು ವಾರ ಅಲ್ಲಾಡದೆ ಕೂತರು, ಅವರಿಗೆ ಸೊಂಟನೋವಿದೆ. ನಾನು ಕಲಿಯಲಿ ಅಂತ ಮಾತ್ರ ಕೂತರೆ?” ಮೊನ್ನೆ ಪ್ರದರ್ಶನ ತೆರೆದ ದಿನ ಚಾಚಾ ಬಂದಿದ್ದರಂತೆ, ತಲೆಯ ಸುತ್ತ ಒಂದು ಸಲ ನಡೆದು, ಕಡೆಗೆ ತಮ್ಮ ಎಡಗಿವಿಯನ್ನು ಕೈಯಿಂದ ಮುಟ್ಟಿ ನೋಡಿಕೊಂಡರಂತೆ. “ಕಿವಿ ತಪ್ಪಾಗಿದೆ, ನನಗೆ ಗೊತ್ತು. ಮೂರು ಸಲ ಕಿತ್ತು ಮತ್ತೆ ಇಟ್ಟೆ” ಎಂದಳು.

ನಾನು ನಿರುತ್ತರನಾದೆ. ಆತ್ಮಸಂಸ್ಕೃತಿಯ ಸಿದ್ಧಾಂತ ಎಷ್ಟೇ ಉದಾತ್ತವಾದರೂ ಅದರಲ್ಲಿ ಒಬ್ಬರಿಗೆ ಮಾತ್ರ ಎಡೆಯಿದೆಯೆಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಕೃತಿಯು ಕರ್ತೃವಿನ ಸಂಸ್ಕಾರಕ್ಕೆ ಕೇವಲ ಸಾಧನವಾದರೆ, ಎದುರಿಗೆ ಕುಳಿತ ಮನುಷ್ಯನೂ ಸಾಧನವಾದಾನು. ಅವನ ಹಣೆಯ ಗೆರೆ, ಬೊಚ್ಚುಬಾಯಿ, ಅವನ ಸೊಂಟನೋವು ಎಲ್ಲವೂ ಮತ್ತೊಬ್ಬರ ಆತ್ಮೋನ್ನತಿಗೆ ಸೌದೆಯಾದಾವು. ಕಲಿಕೆಯ ಕೃತಿಯೂ ಕೃತಿಯೇ. ತನ್ನನ್ನು ನೋಡೆಂದು ಅದು ಕೇಳುತ್ತದೆ. ಹಾಗೆ ಕೇಳುವ ಹಕ್ಕು ಅದಕ್ಕೆಲ್ಲಿಂದ ಬಂತೆಂಬುದನ್ನು ಮೊದಲಿನಿಂದ ಯೋಚಿಸಬೇಕಾಯಿತು.

ಕೃತಿಯ ಹಕ್ಕೆಲ್ಲ ಅದರ ನಿರ್ದೋಷತೆಯಲ್ಲಿದೆಯೆಂಬುದು ಒಂದು ಮತ. ನಮ್ಮ ನಾಡಿನಲ್ಲಿ ಆ ಮತಕ್ಕೆ ಒಂದು ಭಯಂಕರವಾದ ಕಥೆಯೇ ಇದೆ. ಅದು ಐತಿಹ್ಯ, ಇತಿಹಾಸವಲ್ಲ. ಆದರೂ ಕನ್ನಡ ಮಕ್ಕಳಲ್ಲಿ ಅದನ್ನು ಕೇಳದೆ ಬೆಳೆದವರು ಯಾರು? ಬೇಲೂರಿನಲ್ಲಿ ಜಕಣಾಚಾರಿ ಕಡೆದ ಚೆನ್ನಿಗರಾಯನ ವಿಗ್ರಹದಲ್ಲಿ ದೋಷವಿದೆಯೆಂದು, ಎಲ್ಲಿಂದಲೋ ಬಂದ ಹುಡುಗ ಡಂಕಣನು ಹೇಳುತ್ತಾನೆ. ಮೈಗೆಲ್ಲ ಗಂಧವನ್ನು ಲೇಪಿಸುತ್ತಾರೆ. ಎಲ್ಲೆಡೆಯೂ ಗಂಧ ಆರುತ್ತದೆ, ನಾಭಿಯ ಬಳಿ ಆರುವುದಿಲ್ಲ. ಅಲ್ಲಿ ಉಳಿಯನ್ನಿಡಲಾಗಿ ಕಲ್ಲಿನೊಳಗಿನ ಪೊಳ್ಳಿನಿಂದ ನೀರೂ ಮರಳೂ ಜೀವಂತವಾದ ಕಪ್ಪೆಯೂ ಹೊರಬೀಳುತ್ತವೆ. ಜಕಣಾಚಾರಿ ಕೊಟ್ಟ ಮಾತಿನಂತೆ ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ಹುಡುಗನು ತನ್ನ ಮಗನೇ ಎಂದು ಬಳಿಕ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಈ ಕಥೆ ನನಗೆ ಡಂಕಣನ ಜಾಣ್ಮೆಯ ಕಥೆಯಾಗಿ ತೋರುತ್ತಿತ್ತು. ಈಗ ಹಾಗೆ ತೋರದು. ಕೈಯ ತಪ್ಪು ಏನೂ ಇರಲಿಲ್ಲ, ಸಮಾಧಿಯೂ ಶಿಥಿಲವಾಗಿರಲಿಲ್ಲ, ದೋಷವಿದ್ದುದು ಕಲ್ಲಿನಲ್ಲಿ, ಯಾರ ಕಣ್ಣೂ ಹೊಗಲಾರದ ಆಳದಲ್ಲಿ, ಅಲ್ಲಿ ಒಂದು ಬಡಪ್ರಾಣಿ ಬದುಕಿತ್ತು. ನಿರ್ದೋಷತೆಯೊಂದನ್ನೇ ಬೇಡುವ ಧರ್ಮ ಆ ಕೈಯನ್ನು ಕೇಳಿತು. ಕಥೆಯನ್ನು ಕಟ್ಟಿದ ಜನಕ್ಕೂ ಇದನ್ನು ತಾಳಲಾಗಲಿಲ್ಲವೆಂದು ಕಾಣುತ್ತದೆ; ತುಮಕೂರಿನ ಸಮೀಪದ ಕೈದಾಳದಲ್ಲಿ ಮತ್ತೊಂದು ಚೆನ್ನಕೇಶವನನ್ನು ಮಾಡಿಸಿ, ಹೋದ ಕೈಯನ್ನು ಮತ್ತೆ ಬರಿಸಿದರು.

ಸ್ಥಿರಬಿಂಬದ ಧರ್ಮ ಇಂಥದು. ಅದಕ್ಕೆ ತಾಳಮಾನ ಬೇಕು, ಲಕ್ಷಣ ಬೇಕು, ಭಿನ್ನವಾದರೆ ಪೂಜೆ ಸಲ್ಲದು. ಆದರೆ ಆಗಮಗಳೇ ಇನ್ನೊಂದು ವರ್ಗವನ್ನು ಹೇಳಿ ಅದಕ್ಕೆ ಕ್ಷಣಿಕವೆಂದು ಹೆಸರಿಟ್ಟಿವೆ. ಹೊಳೆಯ ಮಣ್ಣು, ಮರಳು, ಅನ್ನ, ಸಗಣಿ, ಬೆಣ್ಣೆ, ಗಂಧ ಇವುಗಳಿಂದ ಆ ಹೊತ್ತಿಗೆ ಮಾಡಿ, ಆ ಹೊತ್ತಿಗೆ ಪೂಜಿಸಿ, ಆ ಹೊತ್ತಿಗೆ ವಿಸರ್ಜಿಸುವ ಲಿಂಗಗಳವು. ಪಾರ್ಥಿವ ಪೂಜೆಯನ್ನು ಮಾಡುವ ಗೃಹಸ್ಥನು ಶಿಲ್ಪಿಯಲ್ಲ. ಅವನ ಬೆರಳ ಗುರುತು ಲಿಂಗದ ಮೇಲೆ ಹಾಗೆಯೇ ಉಳಿದಿರುತ್ತದೆ, ಒಂದು ಪಕ್ಕ ಸ್ವಲ್ಪ ಓರೆಯಾಗಿರುತ್ತದೆ. ಶಿವನು ಬರಲು ಅದು ಅಡ್ಡಿಯಾಗದು. ಇಲ್ಲಿ ರೂಪದ ಕೊರತೆಯನ್ನು ತುಂಬಿಕೊಡುವುದು ಆವಾಹನೆ.

ನಾನು ಹುಡುಗನಾಗಿದ್ದಾಗ ಸಾಗರದ ಗುಡಿಗಾರರ ಮನೆಯೊಂದರ ಜಗಲಿಯಲ್ಲಿ ಶ್ರಾವಣಮಾಸದ ಮಧ್ಯಾಹ್ನಗಳನ್ನು ಕಳೆದುದುಂಟು. ಗಂಧದ ಮರದಲ್ಲಿ ಹೂಬಳ್ಳಿಗಳನ್ನು ಕೆತ್ತುವ ಆ ಮನೆಯ ಹಿರಿಯರು ಚೌತಿ ಹತ್ತಿರವಾಯಿತೆಂದರೆ ಮಣ್ಣಿಗೆ ಕೈಹಾಕುತ್ತಿದ್ದರು. ಗಣಪತಿಯ ಮೈಯನ್ನು ಯಜಮಾನರು, ಸೊಂಡಿಲನ್ನು ಅವರ ತಮ್ಮ ಮಾಡುತ್ತಿದ್ದರು. ನನ್ನ ಓರಗೆಯ ಅವರ ಮಗನಿಗೆ ಮೂರು ವರ್ಷದಿಂದ ಕೊಟ್ಟಿದ್ದುದು ಪಾದದ ಬಳಿಯ ಇಲಿಯನ್ನು ಮಾಡುವ ಕೆಲಸ. ಹದಗೆಟ್ಟ ಇಲಿಯನ್ನು ಅವರು ಮಾತಿಲ್ಲದೆ ಹಿಸುಕಿ ಮಣ್ಣಿನ ಮುದ್ದೆಗೆ ಸೇರಿಸುವರು. ಹುಡುಗನು ಕಣ್ಣೊರಸಿಕೊಂಡು ಇನ್ನೊಂದನ್ನು ಮಾಡುವನು. ಒಪ್ಪಿಗೆಯಾದ ಇಲಿ ಗಣಪತಿಯೊಡನೆ ನಮ್ಮ ಮನೆಗೆ ಬಂದು, ಒಂದೂವರೆ ದಿನ ಪೂಜೆಗೊಂಡು, ಗಣಪತಿಯೊಡನೆಯೇ ಕೆರೆಗೆ ಹೋಗುತ್ತಿತ್ತು. ಕೆಟ್ಟ ಇಲಿಯೂ ಮಣ್ಣಾಯಿತು, ಒಳ್ಳೆಯದೂ ಮಣ್ಣಾಯಿತು. ನಡುವೆ ಒಂದೂವರೆ ದಿನ. ಆ ಒಂದೂವರೆ ದಿನ ನನ್ನ ಅಜ್ಜಿ ಅದರ ಮುಂದೆ ಗರಿಕೆಯಿಟ್ಟು ಅದನ್ನು ನೋಡಿದಳು, ಅದಕ್ಕೆ ಕೇಳಿಸುವುದೆಂದು ನಂಬಿ ಅದರೊಡನೆ ಮಾತಾಡಿದಳು. ವ್ಯತ್ಯಾಸವೆಲ್ಲ ಅಷ್ಟರಲ್ಲಿ ಇತ್ತು. ಈಗ ದೆಹಲಿಯಲ್ಲಿ ಯಮುನೆಗೆ ವಿಗ್ರಹಗಳನ್ನು ಬಿಡಕೂಡದೆಂದು ನಿಷೇಧಿಸಿ ಕೃತಕ ಕೊಳಗಳನ್ನು ತೋಡಬೇಕಾಗಿ ಬಂದಿದೆಯೆಂದರೆ, ಅದಕ್ಕೆ ಕಾರಣ ಪ್ಲಾಸ್ಟರಿನ ಗಣಪತಿಗಳು; ಬರುವಾಗ ಬಂದು, ಹೋಗುವಾಗ ಹೋಗಲೊಲ್ಲದೆ, ಮರುದಿನ ಅರ್ಧ ಮುಖದೊಡನೆ ದಡಕ್ಕೆ ಬಡಿಯುವ ಆ ವಿಗ್ರಹಗಳನ್ನು ನೋಡಿದಾಗಲೆಲ್ಲ, ಕ್ಷಣಿಕವಾಗಿರಲು ಬೇಕಾದ ಧೈರ್ಯವನ್ನು ನಾವು ಕಳೆದುಕೊಂಡೆವೆಂದು ನನಗೆ ದುಃಖವಾಗುತ್ತದೆ.

ಇಸ್ಲಾಮಿನ ಹೆಸರನ್ನು ಹೊತ್ತ ವಿದ್ಯಾಪೀಠದಲ್ಲಿ ನಿಂತು ಆವಾಹನೆಯ ಮಾತಾಡುವುದು ಅಸಂಗತವೆಂದು ಯಾರಾದರೂ ಹೇಳಬಹುದು. ನನಗೆ ಹಾಗೆ ತೋರಲಿಲ್ಲ. ಜೀವಿಗಳ ಆಕೃತಿಯನ್ನು ರಚಿಸುವವನಿಗೆ, ಅಂತ್ಯದ ದಿನ, ನೀನು ಮಾಡಿದುದಕ್ಕೆ ಪ್ರಾಣವನ್ನೂ ಕೊಡೆಂಬ ಅಸಾಧ್ಯವಾದ ಆಜ್ಞೆ ಎದುರಾಗುವುದೆಂಬ ಎಚ್ಚರಿಕೆ ಹದೀಸುಗಳಲ್ಲಿದೆ. ನಮ್ಮ ಆಗಮಗಳು ಬಿಂಬವನ್ನು ವಿಧಿಸಿಯೂ ಇದೇ ಎಲ್ಲೆಯನ್ನು ಗೌರವಿಸುತ್ತವೆ: ಶಿಲ್ಪಿ ಚಿನ್ನದ ಸೂಜಿಯಿಂದ ವಿಗ್ರಹದ ಕಣ್ಣನ್ನು ತೆರೆದು, ಮರ್ಯಾದೆಯನ್ನು ಸ್ವೀಕರಿಸಿ, ಹಿಂದೆ ಸರಿಯುತ್ತಾನೆ, ಪ್ರಾಣಪ್ರತಿಷ್ಠೆ ಅವನ ಕೈಯಲ್ಲಿಲ್ಲ. ಒಂದು ಧರ್ಮ ಆಕೃತಿಯನ್ನು ಬೇಡವೆಂದಿತು, ಇನ್ನೊಂದು ಬೇಕೆಂದಿತು; ಜೀವವನ್ನು ಕೊಡುವವನು ಮಾಡಿದವನಲ್ಲವೆಂಬುದನ್ನು ಎರಡೂ ಬಲ್ಲುವು. ಈ ಪ್ರಾಂತದ ಮಕ್ತಬುಗಳಲ್ಲಿ ಮಕ್ಕಳು ಮರದ ತಖ್ತಿಗೆ ಮುಲ್ತಾನಿ ಮಣ್ಣನ್ನು ಬಳಿದು ಒಣಗಿಸಿ, ಬೋರುಕಡ್ಡಿಯ ಲೇಖನಿಯಿಂದ ಅದರ ಮೇಲೆ ಅಲಿಫ್, ಬೇ ಬರೆದು, ಸಂಜೆ ತೊಳೆದು, ನಾಳೆಗೆ ಮತ್ತೆ ಮಣ್ಣು ಬಳಿಯುತ್ತಿದ್ದರು. ನಮ್ಮ ಕೂಲಿಮಠಗಳಲ್ಲಿ ಅದೇ ವಯಸ್ಸಿನ ಮಕ್ಕಳು ಮರಳನ್ನು ಹರಡಿ ಓನಾಮವನ್ನು ತಿದ್ದಿ ಅಂಗೈಯಿಂದ ಅಳಿಸುತ್ತಿದ್ದರು. ಮೊದಲ ಅಕ್ಷರವನ್ನು ಎರಡೂ ಕಡೆ ಅಳಿಯುವ ಮಣ್ಣಿನ ಮೇಲೆಯೇ ಬರೆಸಿದುದನ್ನು ಕಡತದ ಮಿತವ್ಯಯವೆಂದಷ್ಟೇ ತಿಳಿಯುವವರು ತಿಳಿಯಲಿ.

ಸಹಿಯ ವಿಷಯದಲ್ಲಿಯೂ ಇಸ್ಲಾಮಿನ ಸಂಪ್ರದಾಯದಿಂದ ಕಲಿಯುವುದುಂಟು. ಆಟೊಮನ್ ತುರ್ಕಿಯ ಲಿಪಿಕಾರರಲ್ಲಿ, ಗುರುವಿನಿಂದ ಇಜಾಜತ್ ಎಂಬ ಅನುಮತಿಪತ್ರ ದೊರೆಯುವ ತನಕ ಶಿಷ್ಯನು ತಾನು ಬರೆದುದರ ಕೆಳಗೆ ಹೆಸರು ಹಾಕುವಂತಿರಲಿಲ್ಲ. ನಮ್ಮ ಹೊಯ್ಸಳ ಶಿಲ್ಪಿಗಳು ಹೆಸರು ಹಾಕಲು ಹಿಂಜರಿದವರಲ್ಲ. ಭಾರತೀಯ ಶಿಲ್ಪಿ ಸದಾ ಅನಾಮಿಕನೆಂಬ ಮಾತನ್ನು ಬೇಲೂರಿನ ಪೀಠಗಳೇ ಸುಳ್ಳುಮಾಡುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿದ್ದಾರೆ. ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮನಿದ್ದಾನೆ. ಆದರೆ ಮಲ್ಲಿತಮ್ಮನು ಬಾಲ್ಯದಲ್ಲಿ ಕಡೆದು ಕೆಡಿಸಿದ ಕಲ್ಲುಗಳು ಎಲ್ಲಿ? ಅವು ಮೆಟ್ಟಿಲಾಗಿ, ಅಡಿಪಾಯದ ತುಂಬುಗಲ್ಲಾಗಿ ನಮ್ಮ ಕಾಲ ಕೆಳಗೆ ಇದ್ದಾವು. ಪಟ್ಟದಕಲ್ಲಿನ ಸಮೀಪದ ಹಳೆಯ ಕಲ್ಲುಗಣಿಯ ಬಂಡೆಗಳ ಮೇಲೆ ಕಲ್ಲುಕುಟಿಗರು ಗೀಚಿದ ದೇವತೆಗಳ ರೇಖೆಗಳೂ ತಮ್ಮ ಹೆಸರುಗಳೂ ಇಂದಿಗೂ ಇವೆ. ಅನಿವಾರಿತಾಚಾರಿಯೆಂಬ ಬಿರುದಿನ ಗುಂಡನು ಸೂತ್ರಧಾರಿಯಾಗಿ ಲೋಕಮಹಾದೇವಿಗೆ ಕಟ್ಟಿಕೊಟ್ಟ ವಿರೂಪಾಕ್ಷ ದೇವಾಲಯದಷ್ಟೇ ಪ್ರೀತಿ ನನಗೆ ಆ ಗೀಚುಗಳ ಮೇಲಿದೆ. ಅವುಗಳಿಗೆ ಪ್ರತಿಷ್ಠೆಯಿಲ್ಲ, ಪೂಜೆಯಿಲ್ಲ. ಸಾವಿರದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಬಿಸಿಲಲ್ಲಿ ಬಿದ್ದುಕೊಂಡು, ಬರುವವನೊಬ್ಬನು ನೋಡಲೆಂದು ಕಾಯುತ್ತಿವೆ.

ಚಿತ್ರಶಾಲೆಯ ಬಾಗಿಲ ಮೇಲಿನ ಹೆಸರು ಎಂ. ಎಫ್. ಹುಸೇನರದು. ದಾಸರು ಹಾಡಿ ಕರೆದ ವಿಠ್ಠಲನ ಪಂಢರಪುರದಲ್ಲಿ ಹುಟ್ಟಿ, ಬೊಂಬಾಯಿಯ ಬೀದಿಗಳಲ್ಲಿ ಸಿನಿಮಾ ಫಲಕಗಳನ್ನು ಬರೆದು ಹೊಟ್ಟೆಹೊರೆದು, ರಾಮಾಯಣ ಮಹಾಭಾರತಗಳನ್ನು ಬಣ್ಣಗಳಲ್ಲಿ ಮೂಡಿಸಿ, ಕೊನೆಯ ವರ್ಷಗಳನ್ನು ಹೊರನಾಡಿನಲ್ಲಿ ಕಳೆದು 2011 ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಆ ಮಹಾಕಲಾವಿದರ ಮೊದಲ ಕೃತಿಗಳಾದ ಆ ಫಲಕಗಳ ಮೇಲೆ, ಮುಂದಿನ ಸಿನಿಮಾ ಬಂದೊಡನೆ ಬೇರೆ ಬಣ್ಣ ಬಳಿಯಲಾಗುತ್ತಿತ್ತು.

ಇಷ್ಟು ಯೋಚಿಸಿದ ಮೇಲೆ ನಾನು ಪ್ರದರ್ಶನವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಎಲ್ಲವೂ ಒಂದೇ ಸಮನಾಗಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಕೆಲವು ಚಿತ್ರಗಳಲ್ಲಿ ಅಧ್ಯಾಪಕರ ಕೈ ಕಾಣುತ್ತಿತ್ತು. ಕೆಲವು ದೂರವಾಣಿಯ ಪರದೆಯ ಮೇಲೆ ಕಂಡ ಬೇರೆ ದೇಶದ ಚಿತ್ರಗಳ ನೆನಪುಗಳು. ಎಲ್ಲಿಯೂ ತಪ್ಪಿಲ್ಲದಂತೆ ನುಣುಪಾಗಿ ಮುಗಿಸಿದ ದೊಡ್ಡ ಕ್ಯಾನ್‌ವಾಸೊಂದರ ಮುಂದೆ ಜನ ಹೆಚ್ಚಾಗಿದ್ದರು, ನನಗೆ ಅದರಲ್ಲಿ ಒಳಗೆ ಹೋಗಲು ಬಾಗಿಲು ಸಿಕ್ಕಲಿಲ್ಲ. ಆದರೆ ಪಕ್ಕದ ಬಟ್ಲಾ ಹೌಸ್ ಬಡಾವಣೆಯ ಓಣಿಯೊಂದರ ಮೇಲೆ ಜೇಡರ ಬಲೆಯಂತೆ ಹೆಣೆದುಕೊಂಡ ವಿದ್ಯುತ್ ತಂತಿಗಳನ್ನು ಮರದ ಅಚ್ಚಿನಲ್ಲಿ ಕೊರೆದು, ಕೊರೆಯುವಾಗ ಉಳಿ ಜಾರಿ ಆಕಾಶದ ಮೇಲೆ ಬಿದ್ದ ಬಿಳಿಯ ಗೀರನ್ನು ಹಾಗೆಯೇ ಬಿಟ್ಟಿದ್ದ ಒಬ್ಬ ಹುಡುಗನ ಮುದ್ರಣಚಿತ್ರವನ್ನು ಮೊದಲ ಸಲ ನಾನು ಸೌಜನ್ಯಕ್ಕೆಂದು ನೋಡಿ ದಾಟಿದ್ದೆ. ಈ ಸಲ ನಿಂತೆ. ನೋಡುಗನ ಸೌಜನ್ಯವೆಂಬುದು ಒಂದು ಬಗೆಯ ನಿರಾಕರಣೆಯೇ ಸರಿ. ವಿದ್ಯಾರ್ಥಿಯ ಕೆಲಸವಲ್ಲವೆ ಎಂದುಕೊಂಡು ಕಣ್ಣನ್ನು ಅರ್ಧ ತೆರೆದು ನಡೆಯುವವನು ಕರೆದರೂ ಬಾರದ ದೈವದಂತೆ. ಅವನಿಂದಾಗಿ ಆ ಕೃತಿ ಕೆಟ್ಟ ಇಲಿಯಾಗಿಯೇ ತೊಟ್ಟಿಗೆ ಹೋಗುತ್ತದೆ. ಕ್ಷಣಿಕಬಿಂಬದ ಪೂಜೆಯಲ್ಲಿ ಮಾಡಿದವನೇ ಪೂಜಕನಾಗಬಹುದು. ಚಿತ್ರಶಾಲೆಯಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಹುಡುಗಿ ತನ್ನ ಪಾಲಿನದನ್ನು ಮಾಡಿ ಹಿಂದೆ ಸರಿದಿದ್ದಾಳೆ, ಚಾಚಾ ಬಂದು ತಮ್ಮ ಕಿವಿಯನ್ನು ಮುಟ್ಟಿಕೊಂಡು ತಮ್ಮ ಪಾಲಿನದನ್ನು ಮುಗಿಸಿದ್ದಾರೆ, ಉಳಿದುದು ಬಂದವರದು. ಅದನ್ನು ಮಾಡಲು ಇರುವ ಅವಕಾಶವೂ ಆರೇಳು ದಿನದ್ದು.

ಐದು ಗಂಟೆಗೆ ಬಾಗಿಲು ಹಾಕುವ ಹೊತ್ತಾಯಿತು. ಹೊರಗೆ ಬೂರುಗದ ಮರದಡಿಯಲ್ಲಿ ಕೆಂಪು ಹೂಗಳು ಬಿದ್ದಿದ್ದವು. ಕಾವಲುಗಾರನು ಒಂದೊಂದಾಗಿ ದೀಪಗಳನ್ನು ಆರಿಸುತ್ತ ಬರುತ್ತಿದ್ದನು. ಹುಡುಗಿ ಹಳೆಯ ದುಪಟ್ಟಾದ ತುಂಡೊಂದನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ರಾತ್ರಿಯೆಲ್ಲ ತೇವ ಆರದಂತೆ ಅದನ್ನು ತಲೆಗೆ ಹೊದಿಸಬೇಕಾಗಿತ್ತು. ಎರಡು ಕೈಗೂ ಕೆಲಸವಾದುದರಿಂದ ಅವಳು ಸೀಸೆಯನ್ನು ನನ್ನ ಕಡೆಗೆ ಚಾಚಿ, “ಸರ್, ಹಿಂಭಾಗಕ್ಕೆ ಸ್ವಲ್ಪ ಹಾಕುತ್ತೀರಾ? ಅಲ್ಲಿ ಯಾರೂ ನೋಡುವುದಿಲ್ಲ, ಬೇಗ ಒಣಗಿಬಿಡುತ್ತದೆ” ಎಂದಳು. ನಾನು ತಲೆಯ ಹಿಂದಕ್ಕೆ ಹೋದೆ. ಅಲ್ಲಿ, ಕತ್ತಿನ ಮೇಲೆ, ಮುದುಕರಿಗೆ ಬರುವ ಎರಡು ಅಡ್ಡ ಸುಕ್ಕುಗಳನ್ನೂ, ಕ್ಷೌರಿಕನ ಕತ್ತಿ ಅಷ್ಟಾಗಿ ತಾಗದೆ ಉಳಿದ ಕೂದಲ ಕುಚ್ಚನ್ನೂ ಅವಳು ಮಾಡಿದ್ದಳು. ನಾನು ನೀರು ಹನಿಸಿದೆ. ಮಣ್ಣು ಕಪ್ಪಾಗುತ್ತ ಬಂತು.